ಗುಡ್ಡದವರ ಮಾತು ಕಡತ ಸೇರುವುದು ಹೇಗೆ?

2009ರ ನವೆಂಬರ್ ಮಳೆಯನ್ನು ಅರವಂಕಾಡಿನ ನಾವು ಮರೆಯುವಂತಿಲ್ಲ. ನೀಲಗಿರಿ ಜಿಲ್ಲೆಯ ಹಲವೆಡೆ ಗುಡ್ಡ ಕುಸಿದು 40ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಇಳಿಜಾರಿನಲ್ಲಿ ಮನೆ ಮಾಡಿಕೊಂಡಿರುವ ನಮಗೆ, ಮೇಲಿನ ತಿರುವಿನಲ್ಲಿ ಯಾರು ಮಣ್ಣು ಅಗೆಯುತ್ತಾರೆ, ಏನು ಕಟ್ಟುತ್ತಾರೆ ಎಂಬುದು ಜೀವದ ಪ್ರಶ್ನೆ. ಅದನ್ನು ಕೇಳುವ ಹಕ್ಕು ನಮಗಿದೆಯೇ?

ಇದೆ, ಆದರೆ ಎಲ್ಲದಕ್ಕೂ ಅಲ್ಲ. ದೊಡ್ಡ ಯೋಜನೆಗಳಿಗೆ ಪರಿಸರ ಪರಿಣಾಮದ ಅಧ್ಯಯನ 1994ರಲ್ಲಿ ಕಡ್ಡಾಯವಾಯಿತು. ಜನರ ಅಹವಾಲು ಕೇಳಬೇಕೆಂಬ ನಿಯಮ 1997ರಲ್ಲಿ ಸೇರಿತು. ಈಗ ಜಾರಿಯಲ್ಲಿರುವುದು 2006ರ ಅಧಿಸೂಚನೆ. ಅದರಂತೆ ಸಭೆಗೆ ಕನಿಷ್ಠ 30 ದಿನ ಮುಂಚೆ ಪತ್ರಿಕೆಗಳಲ್ಲಿ ಪ್ರಕಟಣೆ ಕೊಡಬೇಕು. ಕರಡು ವರದಿ ಜಿಲ್ಲಾಧಿಕಾರಿ ಕಚೇರಿಯಲ್ಲಿ ಜನರಿಗೆ ನೋಡಲು ಸಿಗಬೇಕು, ಅದರ ಸಾರಾಂಶ ಸ್ಥಳೀಯ ಭಾಷೆಯಲ್ಲೂ ಇರಬೇಕು. ಸಭೆಯನ್ನು ವಿಡಿಯೋ ಮಾಡಬೇಕು. ಕೊನೆಯಲ್ಲಿ ನಡಾವಳಿಯನ್ನು ಸ್ಥಳೀಯ ಭಾಷೆಯಲ್ಲಿ ಓದಿ ಹೇಳಬೇಕು. ನಾವಾಡಿದ ಮಾತು ಅದರಲ್ಲಿ ಇದೆಯೋ ಇಲ್ಲವೋ ಎಂದು ಕಿವಿಗೊಟ್ಟು ಕೇಳಬೇಕಾದ ಗಳಿಗೆ ಅದೇ. ಹೆಚ್ಚಿನವರು ಅಷ್ಟರಲ್ಲಿ ಬಸ್ಸಿಗೆ ಹೊರಟಿರುತ್ತಾರೆ! ಸಭೆಗೆ ಇಷ್ಟೇ ಜನ ಬರಬೇಕೆಂಬ ಕೋರಂ ಇಲ್ಲ. ಯಾರೂ ಬಾರದಿದ್ದರೂ ಸಭೆ ನಡೆದಂತೆಯೇ ಲೆಕ್ಕ.

ನಮ್ಮೂರಿಗೆ ಅನ್ನ ಕೊಟ್ಟ ಕಾರ್ಡೈಟ್ ಕಾರ್ಖಾನೆ ನೂರು ವರ್ಷಕ್ಕೂ ಹಳೆಯದು. ದೇಶರಕ್ಷಣೆಗೆ ಸೇರಿದ ಯೋಜನೆಗಳಿಗೆ ಈ ಅಹವಾಲಿನಿಂದ ವಿನಾಯಿತಿ ಇದೆ. ಅದರ ಕಾರಣ ನಮಗೆ ಅರ್ಥವಾಗುತ್ತದೆ. ಕಟ್ಟಡ, ಬಡಾವಣೆಗಳನ್ನೂ ಹೊರಗಿಟ್ಟಿರುವುದು ಮಾತ್ರ ಅರ್ಥವಾಗದು. 20,000 ಚದರ ಮೀಟರಿಗಿಂತ ಚಿಕ್ಕ ಕಟ್ಟಡಕ್ಕಂತೂ ಈ ಅಧಿಸೂಚನೆಯ ಅನುಮತಿಯೇ ಬೇಡ. ಗುಡ್ಡದ ಮೇಲೆ ಅಂಥವೇ ಅಲ್ಲವೇ ಹೆಚ್ಚು?

ಆದರೂ ಆಕ್ಷೇಪಗಳು ವ್ಯರ್ಥವಲ್ಲ. ಮಸಿನಗುಡಿ ಬಳಿಯ ಸಿಂಗಾರದಲ್ಲಿ ನ್ಯೂಟ್ರಿನೊ ಪ್ರಯೋಗಾಲಯ ಕಟ್ಟುವ ಯೋಜನೆಯಿತ್ತು. ಪಕ್ಕದಲ್ಲೇ ಮುದುಮಲೈ ಹುಲಿಧಾಮ, ಆನೆಗಳ ದಾರಿ. ಹಲವರು ವಿರೋಧಿಸಿದರು. 2009ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಅಲ್ಲಿ ಬೇಡವೆಂದಿತು.

ಭಾಷೆಯ ಮಾತೂ ಇದೆ. 2020ರಲ್ಲಿ ಬಂದ ಹೊಸ ಕರಡು 30 ದಿನದ ಗಡುವನ್ನು 20ಕ್ಕೆ ಇಳಿಸಹೊರಟಿತ್ತು. ಅದು ಬಂದದ್ದು ಇಂಗ್ಲಿಷ್, ಹಿಂದಿಯಲ್ಲಿ. ಕನ್ನಡ, ತಮಿಳು ಸೇರಿದಂತೆ ಎಂಟನೆಯ ಪರಿಚ್ಛೇದದ 22 ಭಾಷೆಗಳಿಗೂ ಅನುವಾದಿಸುವಂತೆ ದೆಹಲಿ ಹೈಕೋರ್ಟ್ ಅದೇ ವರ್ಷ ಜೂನ್ 30ರಂದು ಆದೇಶಿಸಿತು.

ಪೋಪ್ ಫ್ರಾನ್ಸಿಸ್ ಅವರು 2015ರ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ಇದನ್ನೇ ಪ್ರಸ್ತಾಪಿಸಿದ್ದಾರೆ. ಯೋಜನೆ ಸಿದ್ಧವಾದ ಮೇಲೆ ಪರಿಸರದ ವಿಚಾರ ತೆಗೆಯುವುದಲ್ಲ, ಮೊದಲಿನಿಂದಲೇ ಅದು ಸೇರಿರಬೇಕು, ಚರ್ಚೆಯಲ್ಲಿ ಸ್ಥಳೀಯರಿಗೆ ವಿಶೇಷ ಸ್ಥಾನವಿರಬೇಕು ಎಂಬುದು ಅವರ ಬೋಧನೆ.

ಸಭೆಗೆ ಹೋಗಲಾಗದ ವೃದ್ಧರು, ಪಾಳಿ ಕೆಲಸದವರು ತಮ್ಮ ಅಭಿಪ್ರಾಯವನ್ನು ಬರೆದು ಮಾಲಿನ್ಯ ನಿಯಂತ್ರಣ ಮಂಡಳಿಗೆ ಕಳುಹಿಸಬಹುದು. ಇಂಥ ಪ್ರಕಟಣೆ ಪತ್ರಿಕೆಯ ಒಳಪುಟದಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ. ಭಾನುವಾರ ಪೂಜೆಯ ನಂತರ ಮದುವೆ ಪ್ರಕಟಣೆಗಳ ಜೊತೆ ಅದನ್ನೂ ಓದಿಸುವಂತೆ ಸ್ವಾಮಿಗಳನ್ನು ಕೇಳಿಕೊಳ್ಳೋಣವೆಂದಿದ್ದೇವೆ.