ಟೋಲ್ ಗೇಟಿನ ಹೊಗೆ ಮತ್ತು ಹೊಟ್ಟೆಯೊಳಗಿನ ಮಗು

ಮನೆಯಲ್ಲಿ ಯಾರಾದ್ರೂ ಬಸುರಿ ಅಂತ ಗೊತ್ತಾದ್ರೆ ಸಾಕು, ಪಪ್ಪಾಯ ತಿನ್ನಬೇಡ, ಭಾರ ಎತ್ತಬೇಡ ಅಂತ ಎಲ್ಲರೂ ಸಲಹೆ ಕೊಡ್ತಾರೆ. ಆದರೆ ಅವಳು ಉಸಿರಾಡೋ ಗಾಳಿ ಬಗ್ಗೆ ಮಾತಾಡೋರು ಕಡಿಮೆ. ಆ ಗಾಳಿಗೂ ಮಗುವಿನ ಬೆಳವಣಿಗೆಗೂ ಏನು ಸಂಬಂಧ?

ತಾಯಿಯ ರಕ್ತ ಮತ್ತು ಮಗುವಿನ ರಕ್ತ ನೇರವಾಗಿ ಬೆರೆಯುವುದಿಲ್ಲ. ಮಧ್ಯೆ ಪ್ಲಸೆಂಟಾ, ಅಂದರೆ ನಾವು ಮಾಸು ಅಂತೀವಲ್ಲ, ಅದು ಇರುತ್ತೆ. ಆಮ್ಲಜನಕ, ಪೋಷಕಾಂಶ ಎಲ್ಲವೂ ಅದರ ಮೂಲಕವೇ ಹೋಗಬೇಕು. ಇದು ಫಿಲ್ಟರ್ ಥರ ಕೆಲಸ ಮಾಡುತ್ತೆ, ಆದರೆ ಎಲ್ಲವನ್ನೂ ತಡೆಯಲ್ಲ. ವಾಹನದ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಇದನ್ನು ದಾಟಿಬಿಡುತ್ತೆ. ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುವುದರಿಂದ ಮಗುವಿಗೆ ಸಿಗುವ ಆಮ್ಲಜನಕ ಕಡಿಮೆಯಾಗುತ್ತೆ. ಇನ್ನು ಮಸಿಯ ಸೂಕ್ಷ್ಮ ಕಣಗಳು. 2019ರಲ್ಲಿ ಬೆಲ್ಜಿಯಂನ ಸಂಶೋಧಕರು ಮಾಸಿನಲ್ಲಿ ಮಗುವಿನ ಕಡೆಗಿರುವ ಭಾಗದಲ್ಲೂ ಇಂಥ ಕಣಗಳನ್ನು ಕಂಡರು.

ಇದರ ಪರಿಣಾಮ ಅಳೆಯೋದು ಹೇಗೆ? ಗರ್ಭಿಣಿಯರಿಗೆ ಹೊಗೆ ಕೊಟ್ಟು ಪ್ರಯೋಗ ಮಾಡೋಕಾಗಲ್ಲ. ಆದರೆ ಅಮೆರಿಕದ ನ್ಯೂಜೆರ್ಸಿ, ಪೆನ್ಸಿಲ್ವೇನಿಯಾಗಳಲ್ಲಿ ಅಂಥ ಪ್ರಯೋಗ ತಾನಾಗೇ ನಡೆದುಹೋಯಿತು. ಅಲ್ಲಿನ ಟೋಲ್‌ಗಳಿಗೆ ನಮ್ಮ ಫಾಸ್ಟ್ಯಾಗ್ ಥರದ್ದೇ ಆದ ಇ-ಝಡ್‌ಪಾಸ್ ಬಂತು. ಗಾಡಿಗಳು ಕ್ಯೂನಲ್ಲಿ ನಿಂತು, ಮತ್ತೆ ಆಕ್ಸಿಲರೇಟರ್ ಒತ್ತಿ ಹೊಗೆ ಬಿಡೋದು ಕಡಿಮೆಯಾಯಿತು. ಜಾನೆಟ್ ಕರ್ರಿ ಮತ್ತು ರೀಡ್ ವಾಕರ್ ಎಂಬ ಅರ್ಥಶಾಸ್ತ್ರಜ್ಞರು ಆ ಪ್ರದೇಶದ ಜನನ ದಾಖಲೆಗಳನ್ನು ನೋಡಿದರು. ಟೋಲ್‌ನಿಂದ 2 ಕಿ.ಮೀ. ಒಳಗಿದ್ದ ತಾಯಂದಿರನ್ನು 2ರಿಂದ 10 ಕಿ.ಮೀ. ದೂರದಲ್ಲಿದ್ದವರ ಜೊತೆ ಹೋಲಿಸಿದಾಗ, ಹತ್ತಿರದವರಲ್ಲಿ ಅವಧಿಗೆ ಮುಂಚಿನ ಹೆರಿಗೆ 10.8% ಮತ್ತು ಕಡಿಮೆ ತೂಕದ ಜನನ 11.8% ಇಳಿದಿತ್ತು. 37 ವಾರಕ್ಕೆ ಮೊದಲಾದರೆ ಅವಧಿಗೆ ಮುಂಚೆ, 2.5 ಕೆ.ಜಿ.ಗಿಂತ ಕಡಿಮೆ ಇದ್ದರೆ ಕಡಿಮೆ ತೂಕ ಅಂತ ಲೆಕ್ಕ. ಈ ಅಧ್ಯಯನ ಪ್ರಕಟವಾಗಿದ್ದು 2011ರಲ್ಲಿ.

ಇ-ಝಡ್‌ಪಾಸ್ ಮಾಡಿದವರು ಶಿಶುಗಳ ಬಗ್ಗೆ ಯೋಚಿಸಿರಲಿಲ್ಲ, ಟ್ರಾಫಿಕ್ ಬಗ್ಗೆ ಯೋಚಿಸಿದ್ದರು. ನಮ್ಮಲ್ಲೂ 2021ರ ಫೆಬ್ರವರಿಯಲ್ಲಿ ಫಾಸ್ಟ್ಯಾಗ್ ಕಡ್ಡಾಯ ಮಾಡುವಾಗ ಸಮಯ, ಇಂಧನ ಉಳಿಯುತ್ತೆ ಅನ್ನೋದೇ ದೊಡ್ಡ ಮಾತಾಗಿತ್ತು.

ಮನೆಯಲ್ಲಿ ನಾವು ಮಾಡಬಹುದಾದ್ದು ಸ್ವಲ್ಪ ಇದೆ. ಗರ್ಭಿಣಿ ಇರುವ ಮನೆಯಲ್ಲಿ ಸಿಗರೇಟು ಬೇಡ, ಮುಚ್ಚಿದ ರೂಮಲ್ಲಿ ಸೊಳ್ಳೆ ಬತ್ತಿ ಬೇಡ, ಅಂಗಳದಲ್ಲಿ ಕಸ ಸುಡೋದು ಬೇಡ, ಸೌದೆ ಒಲೆ ಆದರೆ ಅಡುಗೆಯನ್ನ ಬೇರೆಯವರು ಮಾಡಲಿ. ಆದರೆ ರಸ್ತೆ ಪಕ್ಕದ ಮನೆಯಲ್ಲಿರೋಳು ಗಾಳಿಯನ್ನು ಆಯ್ಕೆ ಮಾಡಿಕೊಳ್ಳೋಕಾಗಲ್ಲ. ಅದು ಸಿಗ್ನಲ್, ರಸ್ತೆ, ಎಂಜಿನ್ ಡಿಸೈನ್ ಮಾಡೋರ ಕೈಯಲ್ಲಿದೆ. ಇನ್ನು ಕೆಲವೇ ವರ್ಷಗಳಲ್ಲಿ ಅವರಲ್ಲಿ ನಮ್ಮಲ್ಲಿ ಹಲವರು ಇರ್ತೀವಿ.