‘ಇಲ್ಲ’ ಮತ್ತು ‘ಸಿಗಲಿಲ್ಲ’

1976. ಅಮೆರಿಕದ ನ್ಯೂಜೆರ್ಸಿಯ ಮರ್ರೆ ಹಿಲ್‌ನಲ್ಲಿ ಬೆಲ್ ಲ್ಯಾಬ್ಸ್, ಯೂನಿಕ್ಸ್ ಆಪರೇಟಿಂಗ್ ಸಿಸ್ಟಮ್ ಹುಟ್ಟಿದ ಮನೆ. ಅಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಅವರ ಕೋಣೆಗೆ ಸಹೋದ್ಯೋಗಿ ಸ್ಟೀವ್ ಜಾನ್ಸನ್ ಹಣೆಬರಹಕ್ಕೆ ಶಾಪ ಹಾಕುತ್ತ ನುಗ್ಗಿದರು. ‘ಯಾಕ್’ ಎಂಬ ಹೆಸರಾಂತ ಸಲಕರಣೆ ಬರೆದ ಜಾನ್ಸನ್ ಹೊಸಬರೇನಲ್ಲ. ಆದರೂ ಸರಿಯಾಗಿದ್ದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುತ್ತ ಇಡೀ ಬೆಳಗ್ಗೆ ಕಳೆದಿದ್ದರು. ತಪ್ಪನ್ನು ತಿದ್ದಿಯಾಗಿತ್ತು; ತಿದ್ದಿದ ಕಡತವನ್ನು ಮತ್ತೆ ಕಂಪೈಲ್ ಮಾಡಿರಲಿಲ್ಲ, ಅಷ್ಟೇ. ಹಳೆಯ ತುಣುಕುಗಳನ್ನೇ ಜೋಡಿಸಿ ಓಡಿಸಿದ್ದರಿಂದ ಹಳೆಯ ತಪ್ಪೇ ಎದುರಾಗುತ್ತಿತ್ತು. ಉಪ್ಪು ಹಾಕಿದ ಸಾರು ಒಲೆಯ ಮೇಲಿದೆ, ಇವರು ರುಚಿ ನೋಡುತ್ತಿರುವುದು ನಿನ್ನೆಯ ತಂಗಳನ್ನು.

ಹಿಂದಿನ ಸಂಜೆ ಫೆಲ್ಡ್‌ಮನ್ ಕೂಡ ಇದೇ ಗುಂಡಿಯಲ್ಲಿ ಬಿದ್ದು ಎದ್ದಿದ್ದರು. ಯಾವ ಕಡತ ಯಾವುದನ್ನು ನೆಚ್ಚಿಕೊಂಡಿದೆ ಎಂದು ತಾನೇ ಪತ್ತೆ ಹಚ್ಚುವ ದೊಡ್ಡ ಯೋಜನೆಯೊಂದು ಅವರ ತಲೆಗೆ ಬಂತು. ಅದು ಕುದಿದು ಬತ್ತಿ, ಆ ವಾರಾಂತ್ಯಕ್ಕೆ ಸಣ್ಣದೊಂದು ಪ್ರೋಗ್ರಾಮಾಗಿ ಇಳಿಯಿತು. ಹೆಸರು ‘ಮೇಕ್’. ಅದಕ್ಕೆ ಗೊತ್ತಿದ್ದದ್ದು ಒಂದೇ ಲೆಕ್ಕ: ಮೂಲ ಕಡತವನ್ನು ಮುಟ್ಟಿದ ಹೊತ್ತು, ಅದರಿಂದ ತಯಾರಾದ ಕಡತದ ಹೊತ್ತಿಗಿಂತ ಈಚಿನದಾಗಿದ್ದರೆ ಮತ್ತೆ ತಯಾರಿಸು, ಅಲ್ಲದಿದ್ದರೆ ಸುಮ್ಮನಿರು. ಯಾವುದಕ್ಕೆ ಯಾವುದು ಮೂಲ, ಯಾವ ಆಜ್ಞೆಯಿಂದ ತಯಾರಾಗಬೇಕು ಎಂಬುದನ್ನು ‘ಮೇಕ್‌ಫೈಲ್’ನಲ್ಲಿ ಬರೆದಿಟ್ಟರಾಯಿತು. 2003ರಲ್ಲಿ ಎಸಿಎಂ ಸಂಸ್ಥೆಯ ಸಾಫ್ಟ್‌ವೇರ್ ಸಿಸ್ಟಮ್ ಪ್ರಶಸ್ತಿ ಈ ಕೆಲಸಕ್ಕೆ ಸಂದಿತು.

ಆ ವಾರಾಂತ್ಯದ ಅವಸರ ಮಾತ್ರ ಇವತ್ತಿಗೂ ಕಾಡುತ್ತಿದೆ. ಮೇಕ್‌ಫೈಲಿನಲ್ಲಿ ಆಜ್ಞೆಯ ಸಾಲು ಟ್ಯಾಬ್‌ನಿಂದಲೇ ಶುರುವಾಗಬೇಕು. ಎಂಟು ಸ್ಪೇಸ್ ಒತ್ತಿದರೆ ಕಣ್ಣಿಗೆ ಅಷ್ಟೇ ಜಾಗ, ಮೇಕ್‌ಗೆ ಮಾತ್ರ ಅದು ಅಪರಾಧ. ‘ಸೆಪರೇಟರ್ ಕಾಣೆಯಾಗಿದೆ’ ಎಂದು ಬೈದು ನಿಂತುಬಿಡುತ್ತದೆ. ಈ ನಿಯಮದ ಹಿಂದೆ ಯಾವ ಘನ ಸಿದ್ಧಾಂತವೂ ಇಲ್ಲ. ಆಗಷ್ಟೇ ಬಂದಿದ್ದ ‘ಲೆಕ್ಸ್’ ಎಂಬ ಸಲಕರಣೆಯನ್ನು ಕಲಿಯುವ ನೆಪದಲ್ಲಿ ಬಳಸಲು ಹೋಗಿ, ಗಂಟು ಹಾಕಿಕೊಂಡು, ಕೊನೆಗೆ ಸುಲಭವೆಂದು ಟ್ಯಾಬ್ ಇಟ್ಟುಕೊಂಡೆ ಎಂದು ಫೆಲ್ಡ್‌ಮನ್ ಅವರೇ ಮುಂದೆ ಒಪ್ಪಿಕೊಂಡರು. ಬದಲಿಸೋಣ ಎನ್ನುವಷ್ಟರಲ್ಲಿ ಕೆಲವು ವಾರ ಕಳೆದು ಸುಮಾರು ಹನ್ನೆರಡು ಜನ ಬಳಕೆದಾರರು ಹುಟ್ಟಿಕೊಂಡಿದ್ದರು, ಬಹುಪಾಲು ಗೆಳೆಯರು. ಅವರಿಗೆ ತೊಂದರೆ ಕೊಡುವುದು ಬೇಡವೆಂದು ಬಿಟ್ಟದ್ದು ಐವತ್ತು ವರ್ಷದ ಕಟ್ಟಳೆಯಾಯಿತು.

ಮೇಕ್ ಬಗೆಹರಿಸಿದ್ದು ಒಂದು ಯಂತ್ರದ ಮನೆವಾರ್ತೆಯನ್ನು. ಯೂನಿಕ್ಸ್ ಊರೂರಿಗೆ ಹೋದಾಗ ಸಂಸಾರ ಒಡೆಯಿತು. ಒಂದೊಂದು ಕಂಪನಿಗೆ ಒಂದೊಂದು ಯೂನಿಕ್ಸ್. ಇಲ್ಲಿರುವ ಫಂಕ್ಷನ್ ಅಲ್ಲಿಲ್ಲ, ಅಲ್ಲಿರುವ ಹೆಡರ್ ಕಡತಕ್ಕೆ ಇಲ್ಲಿ ಬೇರೆ ಹೆಸರು. ಎಕ್ಸ್ ವಿಂಡೋ ಬಳಗ ಬಳಸುತ್ತಿದ್ದ ‘ಐಮೇಕ್’ ಇದಕ್ಕೆ ಜಾತಕದ ದಾರಿ ಹಿಡಿಯಿತು: ಪ್ರತಿ ಯಂತ್ರಕ್ಕೂ ಒಂದು ವಿವರಪಟ್ಟಿ, ಯಂತ್ರದ ಹೆಸರು ಕೇಳು, ಪಟ್ಟಿ ತೆಗೆದು ನೋಡು. ಯಂತ್ರ ಹೊಸದಾದರೆ, ಆಪರೇಟಿಂಗ್ ಸಿಸ್ಟಮ್ ಬದಲಾದರೆ ಜಾತಕ ಸುಳ್ಳಾಗುತ್ತಿತ್ತು.

1991ರ ಜೂನ್ ಹೊತ್ತಿಗೆ ಡೇವಿಡ್ ಮೆಕೆಂಜಿ ಗ್ನೂ ಯೋಜನೆಯ ಹಲವು ಸಲಕರಣೆಗಳನ್ನು ನೋಡಿಕೊಳ್ಳುತ್ತಿದ್ದರು. ಅವನ್ನು ತಮ್ಮ ಯಂತ್ರದಲ್ಲಿ ಕಟ್ಟಿಕೊಳ್ಳುವವರು ಮೇಕ್‌ಫೈಲ್ ತೆರೆದು ಸುಮಾರು ಇಪ್ಪತ್ತು ಆಯ್ಕೆಗಳನ್ನು ಕೈಯಾರೆ ಗುರುತು ಮಾಡಬೇಕಿತ್ತು. ನಿಮ್ಮಲ್ಲಿ ಈ ಫಂಕ್ಷನ್ ಇದೆಯೇ, ಆ ಹೆಡರ್ ಇದೆಯೇ ಎಂದು ಕೇಳಿದರೆ ಬಳಸುವವನಿಗೆ ಹೇಗೆ ಗೊತ್ತಿರಬೇಕು? ಮೆಕೆಂಜಿ ಒಂದು ಪುಟ್ಟ ಶೆಲ್ ಸ್ಕ್ರಿಪ್ಟ್ ಬರೆದರು. ಅದೇ ಬೆಳೆದು ‘ಆಟೋಕಾನ್ಫ್’ ಆಯಿತು. ‘ಕಾನ್ಫಿಗರ್’ ಎಂದು ಹೊಡೆದ ಕೂಡಲೇ ಪರದೆಯ ಮೇಲೆ ಹರಿದುಹೋಗುವ ಇದೆ-ಇಲ್ಲಗಳ ಸಾಲು ಅಲ್ಲಿಂದ ಬಂದದ್ದು.

ಅದರೊಳಗಿನ ಉಪಾಯವನ್ನು ಹತ್ತಿರದಿಂದ ನೋಡಬೇಕು. ಯಂತ್ರವನ್ನು ನೀನು ಯಾರು ಎಂದು ಅದು ಕೇಳುವುದೇ ಇಲ್ಲ, ಕೆಲಸ ಹೇಳಿ ನೋಡುತ್ತದೆ. ಒಂದು ಫಂಕ್ಷನ್ ಬೇಕೇ? ಆ ಫಂಕ್ಷನ್ನನ್ನು ಕರೆಯುವ ನಾಲ್ಕೈದು ಸಾಲಿನ ಸಿ ಪ್ರೋಗ್ರಾಮನ್ನು ‘ಕಾನ್ಫ್‌ಟೆಸ್ಟ್’ ಎಂಬ ಹೆಸರಲ್ಲಿ ಬರೆದು ಕಂಪೈಲರ್ ಬಾಯಿಗೆ ಹಾಕುತ್ತದೆ. ನುಂಗಿದರೆ ‘ಇದೆ’, ಉಗುಳಿದರೆ ‘ಇಲ್ಲ’. ಉತ್ತರವನ್ನು ಒಂದು ಹೆಡರ್ ಕಡತದಲ್ಲಿ ಬರೆದು, ಪುಟ್ಟ ಪ್ರೋಗ್ರಾಮನ್ನು ಅಳಿಸಿಹಾಕುತ್ತದೆ. ಹೆಣ್ಣು ನೋಡಲು ಹೋದವರು ಕುಲಗೋತ್ರ ಬಿಟ್ಟು ಒಂದು ಹಾಡು ಹೇಳಮ್ಮ ಎಂದ ಹಾಗೆ. ಹೊಸ ಯಂತ್ರಕ್ಕೆ ಹೊಸ ಪಟ್ಟಿ ಬೇಕಿಲ್ಲ. ನಿಜಕ್ಕೂ ದೊಡ್ಡ ಶೋಧ.

ಆದರೆ ಹುಡುಗಿಗೆ ಅಂದು ಗಂಟಲು ಕಟ್ಟಿದ್ದರೆ? ಕಂಪೈಲರ್ ಉಗುಳುವುದಕ್ಕೆ ನೂರು ಕಾರಣ. ಫಂಕ್ಷನ್ ಇಲ್ಲದಿರಬಹುದು. ಇದ್ದೂ ಅದರ ಲೈಬ್ರರಿ ಬೇರೆ ಫೋಲ್ಡರಿನಲ್ಲಿರಬಹುದು. ಲೈಬ್ರರಿ 32 ಬಿಟ್‌ನದಾಗಿ ಕಂಪೈಲರ್ 64 ಬಿಟ್‌ಗೆ ಕಟ್ಟುತ್ತಿರಬಹುದು. ಡಿಸ್ಕ್ ತುಂಬಿರಬಹುದು. ಪರೀಕ್ಷೆಯ ಪ್ರೋಗ್ರಾಮಿನಲ್ಲೇ ಕಾಗುಣಿತ ತಪ್ಪಿರಬಹುದು. ಎಲ್ಲಕ್ಕೂ ಪರದೆಯ ಮೇಲೆ ಬೀಳುವುದು ಒಂದೇ ಪದ. ಕನ್ನಡದಲ್ಲಾದರೆ ‘ಇಲ್ಲ’ ಬೇರೆ, ‘ಸಿಗಲಿಲ್ಲ’ ಬೇರೆ. ಅಂಗಡಿಯವನು ಮೊದಲನೆಯದನ್ನು ಹೇಳಿದರೆ ಮುಂದಿನ ಅಂಗಡಿಗೆ ಹೋಗುತ್ತೇವೆ. ಎರಡನೆಯದನ್ನು ಹೇಳಿದರೆ ಮೇಲಿನ ಅಟ್ಟ ನೋಡಿದೆಯಾ ಎಂದು ಕೇಳುತ್ತೇವೆ. ಹೀಗೆ ಪ್ರೋಗ್ರಾಮ್ ಕಟ್ಟಿಕೊಡುವ ಬಿಲ್ಡ್ ವ್ಯವಸ್ಥೆ ಬಲ್ಲದ್ದು ಎರಡನೆಯದನ್ನು ಮಾತ್ರ, ಆಡುವುದು ಮೊದಲನೆಯದನ್ನು. ಈ ಹೊಲದಲ್ಲಿ ಬೆಳೆಯುವ ಕಳೆಗೆಲ್ಲ ಬೇರು ಇಲ್ಲಿದೆ.

ಆಟೋಕಾನ್ಫ್‌ಗೆ ಇನ್ನೊಂದು ಗೋಡೆ ಅಡ್ಡ ಬಂತು. ಅದು ಬರೆದುಕೊಡುವುದು ಶೆಲ್ ಸ್ಕ್ರಿಪ್ಟ್, ವಿಂಡೋಸ್‌ನಲ್ಲಿ ಆ ಶೆಲ್ಲೇ ಇರಲಿಲ್ಲ. ಆ ಗೋಡೆ ಒಡೆದ ಕತೆ ಶುರುವಾಗುವುದು ಮನುಷ್ಯನ ದೇಹದಿಂದ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ‘ವಿಸಿಬಲ್ ಹ್ಯೂಮನ್’ ಯೋಜನೆಯಲ್ಲಿ ಒಬ್ಬ ಗಂಡಸಿನ ಶವವನ್ನು ಹೆಪ್ಪುಗಟ್ಟಿಸಿ, ಒಂದೊಂದು ಮಿಲಿಮೀಟರ್ ಅಂತರದಲ್ಲಿ ಪದರ ತೆಗೆದು ಚಿತ್ರಿಸಿತ್ತು. 1,871 ಪದರಗಳ ಆ ಚಿತ್ರಮಾಲೆ 1994ರಲ್ಲಿ ಹೊರಬಂತು. ಮರುವರ್ಷ ಇನ್ನೂ ತೆಳುವಾದ ಪದರಗಳಲ್ಲಿ ಒಬ್ಬ ಹೆಂಗಸಿನದು. ಚಿತ್ರಗಳೇನೋ ಬಂದವು, ಅವುಗಳಲ್ಲಿ ಯಾವುದು ಮೂಳೆ, ಯಾವುದು ಯಕೃತ್ತು ಎಂದು ಬಿಡಿಸಿ ಹೇಳುವ ಸಾಫ್ಟ್‌ವೇರ್ ಬೇಕಿತ್ತು. 1999ರಲ್ಲಿ ಗ್ರಂಥಾಲಯ ಹಣ ಕೊಟ್ಟು ಆರಂಭಿಸಿದ ಐಟಿಕೆ ಎಂಬ ಆ ಸಾಫ್ಟ್‌ವೇರನ್ನು ಹಲವು ತಂಡಗಳು ಸೇರಿ ಬರೆಯುತ್ತಿದ್ದವು. ಒಬ್ಬರದು ಯೂನಿಕ್ಸ್, ಇನ್ನೊಬ್ಬರದು ವಿಂಡೋಸ್. ಎಲ್ಲೆಡೆ ಒಂದೇ ಬಗೆಯಲ್ಲಿ ಕಟ್ಟುವ ದಾರಿ ಹುಡುಕುವ ಹೊಣೆ ಕಿಟ್‌ವೇರ್ ಎಂಬ ಸಣ್ಣ ಕಂಪನಿಗೆ ಬಂತು.

ಕಿಟ್‌ವೇರ್‌ನವರ ಕೈಯಲ್ಲಿ ಆಗಲೇ ವಿಟಿಕೆ ಎಂಬ ಇನ್ನೊಂದು ಸಾಫ್ಟ್‌ವೇರ್ ಇತ್ತು. ಅದನ್ನು ಕಟ್ಟಲು ಯೂನಿಕ್ಸ್‌ನಲ್ಲಿ ಕಾನ್ಫಿಗರ್, ವಿಂಡೋಸ್‌ನಲ್ಲಿ ಕೆನ್ ಮಾರ್ಟಿನ್ ಬರೆದ ‘ಪಿಸಿಮೇಕರ್’. ಒಂದು ಮನೆಗೆ ಎರಡು ಅಡುಗೆಮನೆ. ಬಿಲ್ ಹಾಫ್‌ಮನ್ ಈ ಎರಡನ್ನೂ ಒಂದು ಮಾಡಲು ಹೊರಟಾಗ ಹುಟ್ಟಿದ್ದು ‘ಸಿಮೇಕ್’. ಅವರ ಷರತ್ತು ಸರಳ: ಯಂತ್ರದಲ್ಲಿ ಸಿ++ ಕಂಪೈಲರ್ ಇದ್ದರೆ ಸಾಕು, ಇನ್ನೇನೂ ಬೇಡಬಾರದು. ಸಿಮೇಕ್ ತಾನು ಕಟ್ಟಡ ಕಟ್ಟುವುದಿಲ್ಲ, ಆಯಾ ಊರಿನ ಮೇಸ್ತ್ರಿಗೆ ಅರ್ಥವಾಗುವ ನಕ್ಷೆ ಬರೆದುಕೊಡುತ್ತದೆ: ಯೂನಿಕ್ಸ್‌ಗೆ ಮೇಕ್‌ಫೈಲ್, ವಿಂಡೋಸ್‌ಗೆ ವಿಶುವಲ್ ಸ್ಟುಡಿಯೋ ಕಡತ. ಕೆಲಸ ಕೊಟ್ಟು ಪರೀಕ್ಷಿಸುವ ಮೆಕೆಂಜಿಯ ಉಪಾಯ ಇಲ್ಲೂ ಉಳಿಯಿತು. 2006ರಲ್ಲಿ ಕೆಡಿಇ ಎಂಬ ದೊಡ್ಡ ಯೋಜನೆ ಆಟೋಕಾನ್ಫ್ ಬಳಗವನ್ನು ಬಿಟ್ಟು ಈ ಕಡೆ ಬಂದ ಮೇಲೆ ಸಿಮೇಕ್ ಮನೆಮಾತಾಯಿತು.

ಪರೀಕ್ಷೆಗಳು ನೂರಾರು, ಪ್ರತಿ ಸಲವೂ ಮಾಡಿದರೆ ಹೊತ್ತು ಹಾಳು. ಹಾಗಾಗಿ ಸಿಮೇಕ್ ಮೊದಲ ಸಲ ಸಿಕ್ಕ ಉತ್ತರಗಳನ್ನು ‘ಸಿಮೇಕ್‌ಕ್ಯಾಶ್’ ಎಂಬ ಪಠ್ಯ ಕಡತದಲ್ಲಿ ಬರೆದಿಟ್ಟುಕೊಳ್ಳುತ್ತದೆ. ಜಾಣತನವೇ. ಆದರೆ ಐಮೇಕ್‌ನ ಜಾತಕ ಹಿಂಬಾಗಿಲಿಂದ ಮತ್ತೆ ಒಳಬಂದದ್ದು ಹೀಗೆ. ಈ ಸಲ ಜಾತಕ ಬರೆದದ್ದು ನಿಮ್ಮದೇ ಯಂತ್ರ, ಹಳತಾಗುವುದು ಮಾತ್ರ ತಪ್ಪಲಿಲ್ಲ.

ಕ್ಯಾಶ್‌ನ ನೆನಪಿಗೂ ಒಂದು ವಿಚಿತ್ರ ಗುಣವಿದೆ. ಲೈಬ್ರರಿ ಹುಡುಕಿ ಸಿಗದಿದ್ದರೆ ಮುಂದಿನ ಸಲ ಮತ್ತೆ ಹುಡುಕುತ್ತದೆ. ಸಿಕ್ಕರೆ ಆ ವಿಳಾಸವನ್ನು ಬಿಡುವುದೇ ಇಲ್ಲ. ನೀವು ಹೊಸ ಆವೃತ್ತಿ ಹಾಕಿಕೊಂಡರೂ ಅದು ಹಳೆಯ ಮನೆಯ ಕದವನ್ನೇ ತಟ್ಟುತ್ತಿರುತ್ತದೆ. ಕಂಪೈಲ್ ಮಾಡಿ ನೋಡುವ ಪರೀಕ್ಷೆಯದು ಬೇರೆ ಕತೆ. ಅಲ್ಲಿ ‘ಇಲ್ಲ’ ಎಂಬುದೂ ಕಲ್ಲಿನಲ್ಲಿ ಕೊರೆದ ಹಾಗೆ. ಕಾಣೆಯಾಗಿದ್ದ ಪ್ಯಾಕೇಜ್ ತಂದು ಹಾಕಿದ ಮೇಲೂ ‘ಇಲ್ಲ’ವೇ ಇರುತ್ತದೆ, ಯಾಕೆಂದರೆ ಎರಡನೇ ಸಲ ಕೇಳುವವರೇ ಇಲ್ಲ. ಕಂಪೈಲರ್ ಯಾವುದು ಎಂಬ ಆಯ್ಕೆಯೂ ಮೊದಲ ಓಟದಲ್ಲೇ ಗಟ್ಟಿಯಾಗುತ್ತದೆ. ಫೋಲ್ಡರನ್ನು ಬೇರೆಡೆಗೆ ನಕಲು ಮಾಡಿದರೆ ಮಾತ್ರ ಅದು ಬಾಯಿಬಿಟ್ಟು ಹೇಳುತ್ತದೆ: ಈ ಕ್ಯಾಶ್ ಹುಟ್ಟಿದ್ದು ಇಲ್ಲಲ್ಲ.

ಬಿಲ್ಡ್ ಕೆಟ್ಟಾಗ ಆಫೀಸುಗಳಲ್ಲಿ ಕೇಳುವ ಮೊದಲ ಮಾತು ‘ಬಿಲ್ಡ್ ಫೋಲ್ಡರ್ ಡಿಲೀಟ್ ಮಾಡಿ ಮತ್ತೆ ಹೊಡಿ’ ಎಂಬುದು. ಅದು ಸೋಮಾರಿಯ ಮದ್ದಲ್ಲ, ಹಳೆಯ ಉತ್ತರಗಳನ್ನು ಮರೆಸಿ ಹೊಸದಾಗಿ ಕೇಳಿಸುವ ಕ್ರಮ. ಇದಕ್ಕಾಗಿಯೇ ಮೂಲ ಕಡತಗಳಿಂದ ಬೇರೆಯಾದ ಫೋಲ್ಡರಿನಲ್ಲಿ ಕಟ್ಟಬೇಕು. ಎರಡೂ ಬೆರೆತರೆ ಯಾವುದು ಅಳಿಸಬೇಕಾದ್ದು, ಯಾವುದು ಉಳಿಸಬೇಕಾದ್ದು ಎಂದು ತಿಳಿಯುವುದಿಲ್ಲ. 2022ರಲ್ಲಿ ಬಂದ ಸಿಮೇಕ್ 3.24ರಿಂದ ‘ಫ್ರೆಶ್’ ಎಂಬ ಆಯ್ಕೆಯೇ ಇದೆ. ಆಮೇಲೂ ಸಿಗದಿದ್ದರೆ ಲೈಬ್ರರಿ ಇರುವ ತಾಣವನ್ನು ‘ಪ್ರಿಫಿಕ್ಸ್ ಪಾತ್’ನಲ್ಲಿ ಹೇಳಿ, ಎಲ್ಲೆಲ್ಲಿ ಹುಡುಕಿದೆ ಎಂದು ‘ಡಿಬಗ್ ಫೈಂಡ್’ ಆಯ್ಕೆಯಿಂದ ಕೇಳಬಹುದು.

ಒಂದು ಯಂತ್ರದಲ್ಲಿ ಕಟ್ಟಿ ಇನ್ನೊಂದರಲ್ಲಿ ಒಡೆಯುವ ತೊಂದರೆಗಳಲ್ಲಿ ಕೆಲವು ಕಣ್ಣಿಗೇ ಬೀಳುವುದಿಲ್ಲ. ಕಡತದ ಹೆಸರಿನಲ್ಲಿ ದೊಡ್ಡಕ್ಷರ ಚಿಕ್ಕಕ್ಷರದ ಭೇದವನ್ನು ವಿಂಡೋಸ್ ಎಣಿಸುವುದಿಲ್ಲ, ಲಿನಕ್ಸ್ ಎಣಿಸುತ್ತದೆ. ವಿಂಡೋಸ್‌ನಲ್ಲಿ ಉಳಿಸಿದ ಸ್ಕ್ರಿಪ್ಟಿನ ಪ್ರತಿ ಸಾಲಿನ ಬಾಲಕ್ಕೆ ಒಂದು ಕಾಣದ ಅಕ್ಷರ ಅಂಟಿ, ಲಿನಕ್ಸ್‌ನಲ್ಲಿ ಶೆಲ್ಲೇ ಸಿಗುತ್ತಿಲ್ಲ ಎಂಬ ದೂರು ಬರುತ್ತದೆ. ನೆಟ್‌ವರ್ಕ್ ಡಿಸ್ಕ್ ಬಳಸುವಾಗ ಎರಡು ಗಡಿಯಾರ ಹೊಂದದಿದ್ದರೆ ಮೇಕ್‌ನ ಇದ್ದೊಂದು ಲೆಕ್ಕವೂ ತಪ್ಪುತ್ತದೆ. ಆಗ ನಾವೂ ಜಾನ್ಸನ್ ಅವರ ಆ ಬೆಳಗ್ಗೆಗೇ ವಾಪಸ್.

ಇವೆಲ್ಲ ಅಚಾತುರ್ಯ. ಬೇಕೆಂದೇ ಹೇಳಿಸಿದ ‘ಇಲ್ಲ’ ಒಂದು 2024ರಲ್ಲಿ ಬಯಲಾಯಿತು. ಲಿನಕ್ಸ್ ಜಗತ್ತಿನಲ್ಲೆಲ್ಲ ಬಳಕೆಯಲ್ಲಿರುವ ಎಕ್ಸ್‌ಝಡ್ ಎಂಬ ಸಂಕೋಚನ ಸಾಫ್ಟ್‌ವೇರಿಗೆ ಸಹಾಯಕನಾಗಿ ಬಂದು, ನಂಬಿಕೆ ಗಳಿಸಿದವನೊಬ್ಬ ಅದರೊಳಗೆ ಕಳ್ಳಬಾಗಿಲು ಇಟ್ಟಿದ್ದ. ಆಂಡ್ರೆಸ್ ಫ್ರೋಯಿಂಡ್ ಎಂಬ ಎಂಜಿನಿಯರ್‌ಗೆ ದೂರದ ಯಂತ್ರದೊಳಗೆ ಹೋಗುವ ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದೆ ಎನ್ನಿಸಿತು. ಎಳೆ ಹಿಡಿದು ಹೋದವರು ಮಾರ್ಚ್ 29ರಂದು ಗುಟ್ಟು ಬಿಚ್ಚಿಟ್ಟರು. ಕಳ್ಳಬಾಗಿಲಿನ ಕೀಲಿ ಅಡಗಿದ್ದದ್ದು ಆಟೋಕಾನ್ಫ್ ಬಳಗದ ಒಂದು ಕಡತದಲ್ಲಿ. ಬಿಲ್ಡ್ ಕಡತಗಳ ಆ ಕಾಡನ್ನು ಯಾರೂ ಸಾಲುಸಾಲಾಗಿ ಓದುವುದಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿದ್ದಿರಬೇಕು.

ಅದರ ಜೊತೆಗೇ ಇನ್ನೊಂದು ಕೈಚಳಕ ಸಿಕ್ಕಿತು, ಸಿಮೇಕ್ ಕಡತದಲ್ಲಿ. ಲ್ಯಾಂಡ್‌ಲಾಕ್ ಎಂಬುದು ಪ್ರೋಗ್ರಾಮಿಗೆ ಬೇಲಿ ಹಾಕುವ ಲಿನಕ್ಸ್ ಸೌಲಭ್ಯ. ಅದು ಯಂತ್ರದಲ್ಲಿದೆಯೇ ಎಂದು ನೋಡುವ ಪುಟ್ಟ ಸಿ ಪ್ರೋಗ್ರಾಮ್ ಅಲ್ಲಿತ್ತು. ಮೇಲೆ ಮೂರು ಹೆಡರ್ ಸಾಲು, ಕೆಳಗೆ ಫಂಕ್ಷನ್. ನಡುವಿನ ಖಾಲಿ ಸಾಲಿನ ಮೊದಲಲ್ಲಿ ಒಂದೇ ಒಂದು ಚುಕ್ಕಿ. ಪರದೆಯ ಮೇಲೆ ಕೂತ ಧೂಳಿನ ಕಣದಷ್ಟು. ಸಿ ಭಾಷೆಯಲ್ಲಿ ಆ ಜಾಗದಲ್ಲಿ ಚುಕ್ಕಿಗೆ ಅರ್ಥವಿಲ್ಲ. ಲ್ಯಾಂಡ್‌ಲಾಕ್ ಇರಲಿ ಬಿಡಲಿ, ಪರೀಕ್ಷೆ ಯಾವ ಯಂತ್ರದಲ್ಲೂ ಪಾಸಾಗುವ ಹಾಗಿರಲಿಲ್ಲ. ಸಿಮೇಕ್ ಪ್ರಾಮಾಣಿಕವಾಗಿ ‘ಇಲ್ಲ’ ಎಂದು ಬರೆದುಕೊಂಡಿತು, ಬೇಲಿ ಇಲ್ಲದೆಯೇ ಪ್ರೋಗ್ರಾಮ್ ಕಟ್ಟಿತು. ಯಾವ ಎಚ್ಚರಿಕೆಯೂ ಇಲ್ಲ, ಯಾವ ಕೆಂಪು ಅಕ್ಷರವೂ ಇಲ್ಲ.

ಕಂಪೈಲರ್ ಮಾತ್ರ ಸುಮ್ಮನಿರುವುದಿಲ್ಲ. ಯಾವ ಸಾಲಿನಲ್ಲಿ, ಯಾವ ಅಕ್ಷರಕ್ಕೆ ಮುಗ್ಗರಿಸಿದೆ ಎಂದು ಪ್ರತಿ ಪರೀಕ್ಷೆಯಲ್ಲೂ ಹೇಳುತ್ತದೆ. ಆ ಮಾತು ಪರದೆಗೆ ಬರದೆ ಲಾಗ್‌ಗೆ ಹೋಗುತ್ತದೆ: ಆಟೋಕಾನ್ಫ್‌ನಲ್ಲಿ ‘ಕಾನ್ಫಿಗ್ ಲಾಗ್’, ಸಿಮೇಕ್ 3.26ರಿಂದ ಈಚೆಗೆ ‘ಕಾನ್ಫಿಗರ್ ಲಾಗ್’. ಲಾಗ್ ತೆರೆದು ಲ್ಯಾಂಡ್‌ಲಾಕ್ ಎಂದು ಹುಡುಕಿದ್ದರೆ, ದೂರು ಲ್ಯಾಂಡ್‌ಲಾಕ್ ಬಗ್ಗೆ ಅಲ್ಲ, ಚುಕ್ಕಿಯ ಬಗ್ಗೆ ಎಂಬುದು ಅಲ್ಲೇ ಕಾಣುತ್ತಿತ್ತು.

ಗುಟ್ಟು ಬಯಲಾದ ಮರುದಿನ ಎಕ್ಸ್‌ಝಡ್‌ನ ಮೂಲ ಕರ್ತೃ, ಫಿನ್ಲೆಂಡಿನ ಲಾಸ್ಸೆ ಕಾಲಿನ್, ಆ ಪರೀಕ್ಷೆಯನ್ನು ಸರಿಪಡಿಸಿದರು. ತಿದ್ದುಪಡಿ ಎಂದರೆ ಒಂದು ಚುಕ್ಕಿಯನ್ನು ಅಳಿಸಿದ್ದು. ಅಂದಿನಿಂದ ಅದೇ ಯಂತ್ರ, ಅದೇ ಲಿನಕ್ಸ್, ಅದೇ ಪರೀಕ್ಷೆ ‘ಇದೆ’ ಎನ್ನುತ್ತಿವೆ.