ಗೋದಾಮು ಮತ್ತು ಕೈಗಾರಿಕಾ ಕಟ್ಟಡಗಳಿಗೆ ಫೋಮ್ ಛಾವಣಿ: ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲ್ಲೂಕುಗಳ ಅರ್ಜಿದಾರರಿಗೆ ಮಾಹಿತಿ

ಪೀಠಿಕೆ

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ಪಟ್ಟಣಗಳಲ್ಲಿ ವಾರ್ಷಿಕ ಸರಾಸರಿ ಮಳೆಯು 2,000 ಮಿ.ಮೀ. ಮೀರುತ್ತದೆ. ಬನವಾಸಿಯ ಕಡೆಗೆ ಸಾಗಿದಂತೆ ಇದರ ಪ್ರಮಾಣ ಕಡಿಮೆಯಾಗುತ್ತದೆ. ಒಂದು ಚದರ ಮೀಟರ್ ಛಾವಣಿಯ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರಾಗುತ್ತದೆ. ಈ ಲೆಕ್ಕದಂತೆ 500 ಚದರ ಮೀಟರ್ ವಿಸ್ತೀರ್ಣದ ಗೋದಾಮಿನ ಛಾವಣಿಯು ವರ್ಷಕ್ಕೆ 10 ಲಕ್ಷ ಲೀಟರ್‌ಗೂ ಅಧಿಕ ನೀರನ್ನು ಹೊರಹಾಕಬೇಕಾಗುತ್ತದೆ.

ಈ ಭಾಗದ ಗೋದಾಮುಗಳಲ್ಲಿ ಮುಖ್ಯವಾಗಿ ಅಡಿಕೆ, ಕಾಳುಮೆಣಸು ಮತ್ತು ಏಲಕ್ಕಿಯನ್ನು ದಾಸ್ತಾನು ಮಾಡಲಾಗುತ್ತದೆ. ತೇವ ತಗುಲಿದ ಚಾಲಿ ಅಡಿಕೆಗೆ ಬೂಷ್ಟು ಹಿಡಿದರೆ ಬೆಳೆಗಾರರ ಒಂದು ವರ್ಷದ ದುಡಿಮೆಗೆ ಬೆಲೆ ಕುಸಿಯುತ್ತದೆ. ಆದುದರಿಂದ ಫೋಮ್ ಛಾವಣಿಗೆ ಹಣ ತೊಡಗಿಸುವ ಮೊದಲು ಅದು ಯಾವ ದೋಷವನ್ನು ನಿವಾರಿಸುತ್ತದೆ, ಯಾವುದನ್ನು ನಿವಾರಿಸುವುದಿಲ್ಲ ಎಂಬುದನ್ನು ತಿಳಿಯುವುದು ಅವಶ್ಯಕ.

ಫೋಮ್ ಛಾವಣಿ ಎಂದರೇನು?

ಐಸೊಸಯನೇಟ್ ಮತ್ತು ಪಾಲಿಯಾಲ್ ಎಂಬ ಎರಡು ದ್ರವಗಳನ್ನು ಯಂತ್ರದ ಮೂಲಕ ಬೆರೆಸಿ ಛಾವಣಿಯ ಮೇಲೆ ಸಿಂಪಡಿಸಲಾಗುತ್ತದೆ. ಮಿಶ್ರಣವು ಕೆಲವೇ ಸೆಕೆಂಡುಗಳಲ್ಲಿ ಹಲವು ಪಟ್ಟು ಉಬ್ಬಿ, ಗಟ್ಟಿಯಾದ ಪಾಲಿಯುರೆಥೇನ್ ಫೋಮ್ ಆಗುತ್ತದೆ. ಇದರಲ್ಲಿ ಸೇರುವೆಗಳಿರುವುದಿಲ್ಲ. ಮುಚ್ಚಿದ ಸೂಕ್ಷ್ಮ ಕೋಶಗಳಿರುವುದರಿಂದ ಶಾಖ ಸುಲಭವಾಗಿ ದಾಟುವುದಿಲ್ಲ. ಬಿಸಿಲಿನ ಅತಿನೇರಳೆ ಕಿರಣಗಳಿಂದ ಫೋಮ್ ಪುಡಿಯಾಗುವ ಕಾರಣ ಅದರ ಮೇಲೆ ಅಕ್ರಿಲಿಕ್ ಅಥವಾ ಸಿಲಿಕೋನ್ ಲೇಪನ ಕಡ್ಡಾಯವೆಂದು ಭಾವಿಸತಕ್ಕದ್ದು. ಲೇಪನವನ್ನು ಕಾಲಕಾಲಕ್ಕೆ ನವೀಕರಿಸಬೇಕು.

ಸೋರಿಕೆಯೋ, ಬೆವರೋ?

ತಗಡಿನ ಛಾವಣಿಯಿಂದ ನೀರು ತೊಟ್ಟಿಕ್ಕುವುದೆಲ್ಲವೂ ಸೋರಿಕೆಯಲ್ಲ. ಮಳೆಗಾಲ ಮುಗಿದು ಆಕಾಶ ತಿಳಿಯಾದ ರಾತ್ರಿಗಳಲ್ಲಿ ತಗಡು ಬೇಗನೆ ತಣ್ಣಗಾಗುತ್ತದೆ. ಅದೇ ಅವಧಿಯಲ್ಲಿ ಕೆಂಪಡಿಕೆ ಬೇಯಿಸುವ ಹಬೆಯೂ ಒಣಗುತ್ತಿರುವ ಅಡಿಕೆಯ ತೇವವೂ ಕಟ್ಟಡದೊಳಗೆ ತುಂಬಿರುತ್ತವೆ. ಈ ಗಾಳಿ ತಣ್ಣನೆಯ ತಗಡಿಗೆ ತಗುಲಿ ನೀರಾಗುತ್ತದೆ. ಇದನ್ನೇ ಛಾವಣಿ ಬೆವರುವುದು ಎನ್ನುತ್ತಾರೆ. ಪರೀಕ್ಷಿಸುವ ಕ್ರಮ ಹೀಗಿದೆ:

1. ಮಳೆಯಿಲ್ಲದ ದಿನ ನಸುಕಿನಲ್ಲಿ ತಗಡಿನ ಒಳಮೈಯನ್ನು ಕೈಯಿಂದ ಮುಟ್ಟಿ ನೋಡುವುದು. ಎಲ್ಲೆಡೆ ಸಮನಾಗಿ ಒದ್ದೆಯಿದ್ದರೆ ಅದು ಬೆವರು.
2. ಮಳೆ ಸುರಿಯುವಾಗ ಮಾತ್ರ ಸ್ಕ್ರೂ, ಸೇರುವೆ ಅಥವಾ ನೀರಿನ ದೋಣಿಯ ಬಳಿ ತೊಟ್ಟಿಕ್ಕಿದರೆ ಅದು ಸೋರಿಕೆ.

ಬೆವರಿಗೆ ಮೊದಲ ಪರಿಹಾರ ಗಾಳಿಕಿಂಡಿ ಮತ್ತು ಹಬೆ ಹೊರಹೋಗುವ ದಾರಿ. ಅದರಿಂದ ಸಾಲದಿದ್ದಲ್ಲಿ ಫೋಮ್ ಉಪಯುಕ್ತ. ಅದು ತಗಡಿನ ಒಳಮೈ ತಣ್ಣಗಾಗದಂತೆ ತಡೆಯುತ್ತದೆ. ಸೋರಿಕೆಗೆ ಸವೆದ ವಾಷರ್ ಮತ್ತು ಸ್ಕ್ರೂಗಳ ಬದಲಾವಣೆ, ತರಗೆಲೆ ತುಂಬಿದ ದೋಣಿಗಳ ಸ್ವಚ್ಛತೆ ಮೊದಲು ಆಗಬೇಕು. ಸೋರುವ ತಗಡಿನ ಒಳಗಡೆ ಫೋಮ್ ಹೊಡೆದರೆ ಸೋರಿಕೆ ನಿಲ್ಲದೆ ಮರೆಯಾಗುತ್ತದೆ. ನೀರು ಫೋಮ್ ಮತ್ತು ತಗಡಿನ ನಡುವೆ ನಿಂತು ತುಕ್ಕು ಹಿಡಿಸುತ್ತದೆ.

ಯಾವ ಛಾವಣಿಗೆ ಸೂಕ್ತ?

1. ಆರ್.ಸಿ.ಸಿ. ಛಾವಣಿ: ಬಿರುಕು ತುಂಬಿ, ನೀರು ನಿಲ್ಲದಂತೆ ಇಳಿಜಾರು ಸರಿಪಡಿಸಿದ ನಂತರ ಸೂಕ್ತ.
2. ತಗಡಿನ ಛಾವಣಿ: ತುಕ್ಕು ತೆಗೆದು ಪ್ರೈಮರ್ ಹಚ್ಚಿದಲ್ಲಿ ಸೂಕ್ತ.
3. ಹಂಚಿನ ಛಾವಣಿ: ಸೂಕ್ತವಲ್ಲ. ಮಂಗಳೂರು ಹಂಚಿನ ಗುಣವೇ ಒಡೆದ ಒಂದನ್ನು ತೆಗೆದು ಇನ್ನೊಂದನ್ನು ಹೊದಿಸಬಹುದು ಎಂಬುದು. ಫೋಮ್ ಹಂಚುಗಳನ್ನು ಒಂದಕ್ಕೊಂದು ಅಂಟಿಸುತ್ತದೆ. ಪಕಾಸು, ರೀಪುಗಳ ತೇವ ಆರುವುದಿಲ್ಲ.
4. ಕಲ್ನಾರಿನ (ಸಿಮೆಂಟ್) ಶೀಟು: ಹಳೆಯ ಶೀಟನ್ನು ಉಜ್ಜುವುದು ಮತ್ತು ಕೊರೆಯುವುದರಿಂದ ಶ್ವಾಸಕೋಶಕ್ಕೆ ಮಾರಕವಾದ ನಾರಿನ ಧೂಳು ಏಳುತ್ತದೆ. ಶೀಟಿನ ಮೇಲೆ ನೇರವಾಗಿ ಕಾಲಿಟ್ಟರೆ ಒಡೆದು ಕೆಲಸಗಾರ ಕೆಳಗೆ ಬೀಳುವ ಅಪಾಯವಿದೆ. ನಡೆಯಲು ಹಲಗೆ ಮತ್ತು ಸುರಕ್ಷತಾ ಪಟ್ಟಿ ಇಲ್ಲದೆ ಯಾರನ್ನೂ ಹತ್ತಿಸಬಾರದು.

ಸುರಕ್ಷತೆ

ಫೋಮ್ ಉರಿಯುವ ವಸ್ತು. ಕಟ್ಟಿಗೆ ಉರಿಸುವ ಅಡಿಕೆ ಡ್ರೈಯರ್, ಹೊಗೆ ಕೊಳವೆ ಮತ್ತು ಬೇಯಿಸುವ ಒಲೆಗಳ ಸಮೀಪ ಇದನ್ನು ಬಳಸಕೂಡದು. ಒಳಮೈಗೆ ಹೊಡೆದ ಫೋಮ್‌ಗೆ ಬೆಂಕಿ ತಡೆಯುವ ಹೊದಿಕೆ ಇರಬೇಕು. ಅದರ ಬಳಿ ವೆಲ್ಡಿಂಗ್ ಮಾಡಬಾರದು. ಐಸೊಸಯನೇಟ್ ಆವಿಯಿಂದ ಅಸ್ತಮಾ ಉಂಟಾಗಬಹುದಾದ್ದರಿಂದ ಸಿಂಪಡಿಸುವವರು ಸೂಕ್ತ ಉಸಿರಾಟದ ಮುಖಕವಚ ಧರಿಸಬೇಕು. ದಾಸ್ತಾನು ಮತ್ತು ಇತರ ಕೆಲಸಗಾರರನ್ನು ಮೊದಲೇ ಹೊರಗೆ ಸಾಗಿಸತಕ್ಕದ್ದು.

ಗುತ್ತಿಗೆದಾರರಿಂದ ಲಿಖಿತವಾಗಿ ಪಡೆಯಬೇಕಾದ ವಿವರಗಳು

1. ಫೋಮ್‌ನ ದಪ್ಪ ಮತ್ತು ಸಾಂದ್ರತೆ. ಕೆಲಸ ಮುಗಿದಾಗ ಹಲವೆಡೆ ಸೂಜಿ ಚುಚ್ಚಿ ದಪ್ಪವನ್ನು ಅಳೆದು ತೋರಿಸಬೇಕು.
2. ಸಿಂಪಡಣೆಗೆ ಸಂಬಂಧಿಸಿದ ಭಾರತೀಯ ಮಾನಕ ಐಎಸ್ 12432 (ಭಾಗ 3)ರ ಪಾಲನೆ.
3. ಉಬ್ಬಿಸಲು ಬಳಸಿದ ರಾಸಾಯನಿಕ. ಓಝೋನ್ ಪದರಕ್ಕೆ ಹಾನಿಕರವಾದ ಎಚ್‌ಸಿಎಫ್‌ಸಿ-141ಬಿ ಬಳಕೆಯನ್ನು ಭಾರತದಲ್ಲಿ 2020ರ ಜನವರಿ 1ರಿಂದ ಕೊನೆಗೊಳಿಸಲಾಗಿದೆ.
4. ಮೇಲ್ಲೇಪನದ ವಿಧ ಮತ್ತು ಅದರ ನವೀಕರಣದ ಅವಧಿ.

ಅರ್ಜಿ ಮತ್ತು ಕೆಲಸದ ಕಾಲ

ಛಾವಣಿಯ ಎತ್ತರ, ಆಕಾರ ಅಥವಾ ಆಧಾರ ರಚನೆ ಬದಲಾಗುವುದಿದ್ದಲ್ಲಿ, ಕೆಲಸ ಆರಂಭಿಸುವ ಮೊದಲು ಪರವಾನಗಿಯ ಬಗ್ಗೆ ಶಿರಸಿ ನಗರ ವ್ಯಾಪ್ತಿಯಲ್ಲಿ ನಗರಸಭೆಯನ್ನು, ಸಿದ್ದಾಪುರ ಮತ್ತು ಯಲ್ಲಾಪುರ ಪಟ್ಟಣಗಳಲ್ಲಿ ಪಟ್ಟಣ ಪಂಚಾಯತಿಯನ್ನು, ಗ್ರಾಮಾಂತರದಲ್ಲಿ ಸಂಬಂಧಪಟ್ಟ ಗ್ರಾಮ ಪಂಚಾಯತಿಯನ್ನು ಸಂಪರ್ಕಿಸುವುದು. ಕಾರ್ಖಾನೆಯಾಗಿ ನೋಂದಾಯಿತವಾದ ಕಟ್ಟಡವಾದಲ್ಲಿ ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಯನ್ನೂ ವಿಚಾರಿಸತಕ್ಕದ್ದು.

ತೇವವಿರುವ ಮೇಲ್ಮೈಗೆ ಫೋಮ್ ಅಂಟುವುದಿಲ್ಲ. ಇಬ್ಬನಿ ಆರುವ ಮೊದಲು ಅಥವಾ ಗಾಳಿ ಜೋರಾಗಿರುವಾಗ ಸಿಂಪಡಿಸಬಾರದು. ಈ ತಾಲ್ಲೂಕುಗಳಲ್ಲಿ ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಅವಧಿ ಪ್ರಶಸ್ತ. ಮೃಗಶಿರಾ ಮಳೆ ಹತ್ತಿರವಾದಾಗ ಅವಸರದಿಂದ ಮಾಡಿಸಿದ ಕೆಲಸ ಅದೇ ಮಳೆಗಾಲದಲ್ಲಿ ಎದ್ದುಬರುವ ಸಂಭವವಿರುತ್ತದೆ. ಆದಕಾರಣ ಅರ್ಜಿದಾರರು ಮಳೆ ಸುರಿಯುತ್ತಿರುವಾಗಲೇ ಸೋರುವ ಜಾಗಗಳನ್ನು ಸೀಮೆಸುಣ್ಣದಿಂದ ಗುರುತಿಸಿಕೊಂಡು, ಅಕ್ಟೋಬರ್ ತಿಂಗಳಲ್ಲಿಯೇ ಅರ್ಜಿ ಸಲ್ಲಿಸುವಂತೆ ಕೋರಲಾಗಿದೆ.